ಕೋವಿ ಮಾರುವ ಮುನ್ನ: ಕೊಡಗು, ಮಲೆನಾಡಿನ ಕೋವಿದಾರರಿಗೆ

ಕೋವಿ ಮಾರುವ ಮಾತು ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಏಳುವುದು ಯಜಮಾನರು ತೀರಿಕೊಂಡ ಮೇಲೆ. ಅಷ್ಟರಲ್ಲಿ ತಡವಾಗಿರುತ್ತದೆ. ಲೈಸೆನ್ಸ್ ಒಬ್ಬ ವ್ಯಕ್ತಿಯ ಹೆಸರಿಗೆ ಇರುವಂಥದ್ದು, ಮನೆಗಲ್ಲ. ಅವರು ಹೋದ ಮೇಲೆ ಕೋವಿಯನ್ನು ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಬೇಕು. ತಿಥಿ ಮುಗಿದು, ಪಾಲಿನ ಮಾತು ಶುರುವಾಗಿ, ಅಣ್ಣತಮ್ಮಂದಿರ ಸಹಿ ಒಂದೆಡೆ ಸೇರುವ ಹೊತ್ತಿಗೆ ಎರಡು ಮಳೆಗಾಲ ದಾಟಿರುತ್ತವೆ. ಎಣ್ಣೆ ಕಾಣದ ನಳಿಗೆಯೊಳಗೆ ತುಕ್ಕು ಕೂತಿರುತ್ತದೆ. ಒಳ್ಳೆಯ ಜೋಡು ನಳಿಗೆ ಕೋವಿ ಕಬ್ಬಿಣದ ಬೆಲೆಗೆ ಇಳಿಯುವುದು ಹೀಗೆ.

ಆದ್ದರಿಂದ ಮಾರುವುದೋ, ಮಕ್ಕಳ ಹೆಸರಿಗೆ ಮಾಡಿಸುವುದೋ ಎಂಬ ತೀರ್ಮಾನವನ್ನು ಕೋವಿಯ ಒಡೆಯರೇ ಮಾಡಬೇಕು. ಅದನ್ನೂ ಲೈಸೆನ್ಸ್ ಚಾಲ್ತಿಯಲ್ಲಿರುವಾಗಲೇ ಮಾಡಬೇಕು. ಈ ಬರಹ ಅಂಥವರಿಗಾಗಿ.

ಮಾರಲು ಸರಿಯಾದ ಕಾರಣ ಯಾವುದು

ಮೊದಲನೆಯದು ಕಾನೂನಿನ ಒತ್ತಾಯ. 1959ರ ಆಯುಧ ಕಾಯ್ದೆ ಒಬ್ಬರಿಗೆ ಮೂರು ಕೋವಿಗಳ ತನಕ ಅವಕಾಶ ಕೊಟ್ಟಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಅಂಗಡಿಗೋ ಒಪ್ಪಿಸಬೇಕಿತ್ತು. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ ಬಂದೂಕಿಗೆ ಮಾತ್ರ ಬೇರೆ ನಿಯಮ. ವಂಶಪಾರಂಪರ್ಯವಾಗಿ ಬಂದದ್ದೂ ಈ ಎರಡರ ಲೆಕ್ಕದೊಳಗೇ ಬರುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ನಿಮ್ಮ ಹೆಸರಿನಲ್ಲಿ ಈಗಾಗಲೇ ಎರಡಿದ್ದು ತಂದೆಯ ಕೋವಿಯೂ ನಿಮಗೇ ಬೇಕೆಂದರೆ ಒಂದನ್ನು ಬಿಡಲೇಬೇಕು. ಯಾವುದನ್ನು ಎಂಬುದಷ್ಟೇ ನಿಮ್ಮ ಕೈಯಲ್ಲಿದೆ.

ಎರಡನೆಯದು ಕೆಲಸವಿಲ್ಲದಿರುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಇರುವ ಕೋವಿ ಈಗ ಹೆಚ್ಚಾಗಿ ಮಂಗ, ಹಂದಿ, ಆನೆಗಳನ್ನು ಸದ್ದು ಮಾಡಿ ಓಡಿಸುವುದಕ್ಕೆ. ತೋಟ ಮಾರಿ ಪೇಟೆಗೆ ಬಂದು ನೆಲೆಸಿದವರಿಗೆ ಅದೂ ಇಲ್ಲ. ಫ್ಲಾಟಿನ ಬೀರುವಿನಲ್ಲಿ ಮಲಗಿರುವ ಕೋವಿಗೆ ನವೀಕರಣದ ಓಡಾಟ, ಚುನಾವಣೆ ಬಂದಾಗಲೆಲ್ಲ ಠೇವಣಿ ಇಡುವ ಕೆಲಸ, ಮನೆಗೆ ಬೀಗ ಹಾಕಿ ಊರಿಗೆ ಹೋದರೆ ಕಳ್ಳತನದ ಭಯ ಇಷ್ಟೇ ಉಳಿದಿರುತ್ತವೆ.

ಮೂರನೆಯದು ತೋಟಾ, ಅಂದರೆ ಕೋವಿಗೆ ತುಂಬುವ ಮದ್ದುಗುಂಡು, ಸಿಗದಿರುವುದು. 12 ಬೋರಿನ (ಬೋರು ಎಂದರೆ ನಳಿಗೆಯ ಒಳಗಿನ ಅಳತೆ) ತೋಟಾ ನಮ್ಮ ಅಂಗಡಿಗಳಲ್ಲಿ ಸಿಗುತ್ತದೆ. 16 ಬೋರಿನದ್ದು, ಹಳೆಯ ಇಂಗ್ಲಿಷ್ ರೈಫಲ್‌ಗಳ ಗುಂಡು ಹುಡುಕಿದರೂ ಸಿಗುವುದು ಕಷ್ಟ. ಅಂಥ ಕೋವಿ ಎಷ್ಟೇ ಚೆಂದವಿರಲಿ, ಮುಂದಿನ ಕೊಳ್ಳುವವರಿಗೂ ಅದೇ ತೊಂದರೆ ಎಂಬುದನ್ನು ತಿಳಿದೇ ಬೆಲೆ ಕಟ್ಟಬೇಕು.

ನಾಲ್ಕನೆಯ ಕಾರಣ ಮನೆಯೊಳಗಿನದು, ಬಾಯಿಬಿಟ್ಟು ಹೇಳಿಕೊಳ್ಳುವವರು ಕಡಿಮೆ. ಮನೆಯಲ್ಲಿ ಯಾರೋ ಮಂಕಾಗಿದ್ದಾರೆ, ಸಾಲದ ಚಿಂತೆಯಲ್ಲಿ ನಿದ್ದೆಗೆಟ್ಟಿದ್ದಾರೆ, ಕುಡಿತ ಹೆಚ್ಚಾಗಿದೆ, ಇಲ್ಲವೇ ಹಿರಿಯರಿಗೆ ಮರೆವು ಶುರುವಾಗಿದೆ. ಇಲ್ಲಿ ಮಾರಾಟದ ಲೆಕ್ಕ ಆಮೇಲೆ. ಇವತ್ತೇ ಕೋವಿಯನ್ನೂ ತೋಟಾಗಳನ್ನೂ ಅಂಗಡಿಯಲ್ಲೋ ಠಾಣೆಯಲ್ಲೋ ಠೇವಣಿ ಇಟ್ಟು ರಸೀದಿ ತನ್ನಿ. ಬೀಗದ ಕೈ ಬಚ್ಚಿಟ್ಟರೆ ಸಾಕು ಅಂದುಕೊಳ್ಳಬೇಡಿ, ಮನೆಯವರಿಗೆ ಮನೆಯ ಬೀಗದ ಕೈ ಎಲ್ಲಿರುತ್ತದೆ ಅಂತ ಗೊತ್ತಿರುತ್ತದೆ. ಮಾತಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಆ ಕಷ್ಟದ ದಿನಗಳು ಕಳೆದ ಮೇಲೆ ಕೋವಿ ವಾಪಸ್ಸು ಬೇಕೋ, ಮಾರಿಬಿಡಬೇಕೋ ನಿಧಾನವಾಗಿ ಯೋಚಿಸಬಹುದು.

ಹಣದ ತುರ್ತು ಮಾತ್ರ ಕೋವಿ ಮಾರಲು ಒಳ್ಳೆಯ ಕಾರಣವಲ್ಲ. ಏಕೆಂದರೆ ಕಾನೂನಿನ ಪ್ರಕಾರವೇ ಈ ಮಾರಾಟಕ್ಕೆ ಒಂದೂವರೆ ತಿಂಗಳು ಬೇಕು. ಮುಂದಿನ ವಾರ ಬ್ಯಾಂಕಿನ ಕಂತು ಕಟ್ಟಬೇಕಾದವರಿಗೆ ಇದರಿಂದ ಪ್ರಯೋಜನವಿಲ್ಲ, ಆತುರ ತೋರಿಸಿದರೆ ಅಂಗಡಿಯವರು ಕೇಳುವ ಬೆಲೆಯೂ ಇಳಿಯುತ್ತದೆ.

ಮಾರದೆ ಮಕ್ಕಳ ಹೆಸರಿಗೆ ಮಾಡಿಸುವ ದಾರಿ

2016ರ ಆಯುಧ ನಿಯಮಗಳಲ್ಲಿ ಹಿರಿಯರಿಗೆ ಅನುಕೂಲವಾದ ಒಂದು ದಾರಿ ಇದೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಆ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ, ಇವೆರಡರಲ್ಲಿ ಯಾವುದು ಮೊದಲೋ ಆಗ, ತಾವು ಬದುಕಿರುವಾಗಲೇ ತಾವು ಸೂಚಿಸಿದ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೊಡಿಸಬಹುದು. ಮಗನೋ ಮಗಳೋ ತಮ್ಮದೇ ಅರ್ಜಿ ಹಾಕಬೇಕು, ವಯಸ್ಸು 21 ತುಂಬಿರಬೇಕು, ಪೊಲೀಸ್ ವರದಿ ಸರಿಯಾಗಿ ಬರಬೇಕು. ಉಳಿದ ಮಕ್ಕಳಿಂದ ಆಕ್ಷೇಪಣೆ ಇಲ್ಲವೆಂಬ ಪತ್ರವನ್ನು ಈಗಲೇ ಬರೆಸಿಟ್ಟುಕೊಂಡರೆ ಎಷ್ಟೋ ಜಗಳ ತಪ್ಪುತ್ತದೆ.

ಮಕ್ಕಳನ್ನು ಕೂರಿಸಿಕೊಂಡು ನೇರವಾಗಿ ಕೇಳಿ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಮಗನಿಗೆ, ಅಮೆರಿಕದಲ್ಲಿರುವ ಮಗಳಿಗೆ ಕೋವಿಯ ಮೇಲೆ ಪ್ರೀತಿ ಇರಬಹುದು, ಇಟ್ಟುಕೊಳ್ಳಲು ಜಾಗ ಇರಲಿಕ್ಕಿಲ್ಲ. ವಿದೇಶಕ್ಕೆ ಒಯ್ಯುವ ಮಾತು ಬಂದರೆ ಒಂದು ವಿಷಯ ಗೊತ್ತಿರಲಿ. ನೂರು ವರ್ಷ ಮೀರಿದ ಹಳೆಯ ವಸ್ತು 1972ರ ಪುರಾವಸ್ತು ಕಾಯ್ದೆಯ ಅಡಿ ಬರಬಹುದು, ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ಅಟ್ಟದ ಮೇಲಿನ ಕೇಪಿನ ಕೋವಿ (ನಳಿಗೆಯ ಬಾಯಿಯಿಂದ ಮದ್ದು ತುಂಬುವಂಥದ್ದು) ಹಳೆಯದು, ಅದಕ್ಕೆ ಲೈಸೆನ್ಸ್ ಬೇಡ ಎಂದು ಹೇಳುವವರು ಪ್ರತಿ ಊರಲ್ಲೂ ಇದ್ದಾರೆ. ಆಯುಧ ಕಾಯ್ದೆಯ 45ನೇ ಕಲಂ ಬಿಟ್ಟುಕೊಡುವುದು ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಿಸಲು ಬಾರದ ಹಳೆಯ ಆಯುಧವನ್ನು ಮಾತ್ರ. ಮದ್ದು ತುಂಬಿ, ಗಜದಲ್ಲಿ (ಮದ್ದು ಜಡಿಯುವ ಸರಳಿನಲ್ಲಿ) ಜಡಿದು, ಕೇಪು ಇಟ್ಟರೆ ಈಡು ಹೊಡೆಯುವ ಕೋವಿ ಎಷ್ಟು ಹಳೆಯದಾದರೂ ಕೋವಿಯೇ.

ಬೆಲೆ ಕಟ್ಟುವ ಮೊದಲು ಕೋವಿ ನೋಡುವ ಕ್ರಮ

ಮೊದಲು ಖಾಲಿ ಇದೆಯೇ ನೋಡಿ. ತೋಟಾ ಕೋವಿಯಾದರೆ ನಳಿಗೆಯನ್ನು ಬಾಗಿಸಿ ತೆರೆದು ಎರಡೂ ಚೇಂಬರಿಗೆ (ತೋಟಾ ಕೂರುವ ಜಾಗಕ್ಕೆ) ಬೆರಳು ಹಾಕಿ. ಕೇಪಿನ ಕೋವಿಯಾದರೆ ಗಜವನ್ನು ನಳಿಗೆಯ ತಳದವರೆಗೆ ಇಳಿಸಿ, ಬಾಯಿಯ ಹತ್ತಿರ ಹೆಬ್ಬೆರಳಿನಿಂದ ಗುರುತು ಹಿಡಿದು ಹೊರಗೆ ತೆಗೆದು ನಳಿಗೆಯ ಪಕ್ಕ ಇಟ್ಟು ಅಳೆಯಿರಿ. ಗಜ ಮೂರು ನಾಲ್ಕು ಬೆರಳು ಕಡಿಮೆ ಇಳಿದಿದ್ದರೆ ಒಳಗೆ ಅಜ್ಜ ತುಂಬಿಟ್ಟ ಈಡು ಇನ್ನೂ ಇದೆ ಎಂದರ್ಥ. ಅದನ್ನು ಕೆದಕಬೇಡಿ, ಹಾರಿಸಿ ಖಾಲಿ ಮಾಡಲೂ ಹೋಗಬೇಡಿ. ಠಾಣೆಗೆ ತಿಳಿಸಿ, ಕೋವಿ ರಿಪೇರಿಯ ಲೈಸೆನ್ಸ್ ಇರುವವರಿಂದ ಬಿಚ್ಚಿಸಿ.

ಜೋಡು ನಳಿಗೆಯ ಕೋವಿಯ ಮುಂದಿನ ಮರದ ತುಂಡನ್ನು ಕಳಚಿ ನಳಿಗೆಯನ್ನು ಬೇರ್ಪಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ಚೇಂಬರಿನ ಕಡೆಯಿಂದ ಒಳಗೆ ನೋಡಿ. ಒಳ್ಳೆಯ ನಳಿಗೆಯೊಳಗೆ ಬೆಳಕು ಒಂದರೊಳಗೊಂದು ಬಳೆ ಇಟ್ಟಂತೆ ಗುಂಡಾದ ಉಂಗುರಗಳಾಗಿ ಕಾಣುತ್ತದೆ. ಒಂದು ಕಡೆ ಉಂಗುರ ಸೊಟ್ಟಗಾಗಿದ್ದರೆ ಹೊರಗಿನಿಂದ ತಗ್ಗು ಬಿದ್ದಿದೆ. ಒಂದೇ ಕಡೆ ಕಪ್ಪು ಉಂಗುರ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ, ಅಂದರೆ ಯಾವಾಗಲೋ ಕಣಜದ ಗೂಡೋ ಮಣ್ಣೋ ಕಟ್ಟಿಕೊಂಡಿದ್ದಾಗ ಈಡು ಹಾರಿಸಿದ್ದಾರೆ. ಉಬ್ಬಿದ ನಳಿಗೆಯ ಕೋವಿ ಹಾರಿಸಲು ಅಪಾಯ, ಅದನ್ನು ಮುಚ್ಚಿಟ್ಟು ಮಾರುವುದು ಇನ್ನೊಬ್ಬರ ಕೈಯನ್ನು ಪಣಕ್ಕಿಟ್ಟಂತೆ. ಚುಕ್ಕೆ ಚುಕ್ಕೆಯಾಗಿ ಕಾಣುವುದು ತುಕ್ಕು ತಿಂದ ಕುಳಿ. ತುದಿಯ ಕಡೆ ಒಂದೆರಡು ಇದ್ದರೆ ನಡೆಯುತ್ತದೆ, ಚೇಂಬರಿನಿಂದ ಒಂದು ಗೇಣಿನೊಳಗೆ ಇದ್ದರೆ ನಡೆಯುವುದಿಲ್ಲ. ಈಡಿನ ಒತ್ತಡ ಹೆಚ್ಚಿರುವುದು ಅಲ್ಲೇ.

ನಳಿಗೆಯನ್ನು ಮತ್ತೆ ಕೂರಿಸಿ, ಮುಂದಿನ ಮರ ಹಾಕದೆ, ಹಿಡಿ ಹಿಡಿದು ಮೆಲ್ಲಗೆ ಅಲುಗಿಸಿ. ಕಟಕಟ ಅಂದರೆ ಕೀಲು ಸವೆದಿದೆ. ಕೈ ಹಿಡಿಯುವ ಜಾಗದಲ್ಲಿ ಮರದಲ್ಲಿ ಕೂದಲೆಳೆಯ ಬಿರುಕು ಇದೆಯೇ ಅಂತ ಉಗುರು ಎಳೆದು ನೋಡಿ.

ಆಮೇಲೆ ನಳಿಗೆಯ ಕೆಳಗಿನ ಮುದ್ರೆಗಳು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಮತ್ತು ಲಂಡನ್ನಿನ ಪರೀಕ್ಷಾ ಕೇಂದ್ರಗಳು ಕೋವಿಯನ್ನು ಹಾರಿಸಿ ಪರೀಕ್ಷಿಸಿ ಕಿರೀಟದ ಮುದ್ರೆ ಒತ್ತುತ್ತಿದ್ದವು. ಅದರಲ್ಲಿ ನೈಟ್ರೋ ಪ್ರೂಫ್ (ಇಂದಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ ಎಂಬ) ಗುರುತು ಇಲ್ಲದಿದ್ದರೆ ಆ ನಳಿಗೆ ಹಳೆಯ ಕರಿಮದ್ದಿಗೆ ಮಾಡಿದ್ದು, ಇಂದಿನ ತೋಟಾ ಹಾಕಿದರೆ ಸೀಳಬಹುದು. ಮೈಮೇಲೆ ಮರದ ಗೆರೆಯಂಥ ಸುಳಿ ಸುಳಿ ವಿನ್ಯಾಸ ಇರುವ ಡಮಾಸ್ಕಸ್ ನಳಿಗೆಗಳನ್ನೂ ಈ ಅನುಮಾನದಿಂದಲೇ ನೋಡಬೇಕು. ಹಳೆಯ ಇಂಗ್ಲಿಷ್ ಕೋವಿಗಳ ಚೇಂಬರ್ ಎಷ್ಟೋ ಸಲ 65 ಮಿಲಿಮೀಟರ್ ಇರುತ್ತದೆ. 70 ಮಿಲಿಮೀಟರಿನ ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಆದರೆ ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೊಳ್ಳುವವರಿಗೆ ಇದನ್ನು ಬರೆದೇ ಕೊಡಿ.

ಈ ದೋಷಗಳಿಲ್ಲದ ಇಂಗ್ಲಿಷ್ ಕೋವಿಗೆ ಇಂದಿಗೂ ಬೆಲೆ ಇದೆ. 1980ರ ದಶಕದಿಂದ ಸಾಮಾನ್ಯ ಲೈಸೆನ್ಸ್‌ದಾರರಿಗೆ ವಿದೇಶಿ ಬಂದೂಕು ತರಿಸಲು ಬಿಡುತ್ತಿಲ್ಲ, ಹಾಗಾಗಿ ದೇಶದೊಳಗೆ ಇರುವ ವೆಬ್ಲಿ, ಗ್ರೀನರ್, ಬಿಎಸ್ಎ ಕೋವಿಗಳೇ ಕೈಯಿಂದ ಕೈಗೆ ಹೋಗಬೇಕು. ಈಶಾಪುರದ ಸರ್ಕಾರಿ ಕಾರ್ಖಾನೆಯ 12 ಬೋರು, .315 ರೈಫಲ್‌ಗಳಿಗೆ ಹೊಸದರ ಬೆಲೆಯೇ ಮಿತಿ. ಎರಡು ಮೂರು ಅಂಗಡಿಗಳಲ್ಲಿ ಬೆಲೆ ಕೇಳಿ, ಮೊದಲು ಹೇಳಿದವರಿಗೇ ಒಪ್ಪಬೇಡಿ.

ಮಾರುವ ಮುನ್ನ ಹೊಳಪು ಬರಲೆಂದು ಮರಳು ಕಾಗದ ಹಾಕಿ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ. ಬೆಲೆ ಹೋಗುವುದು ಒಂದು ಕಡೆಯಾದರೆ, ನಂಬರ್ ಸವೆದು ಹೋದರೆ ಮಾರಾಟವೇ ನಿಂತುಹೋಗುತ್ತದೆ. ತಯಾರಕರ ಹೆಸರು, ನಂಬರ್ ಅಥವಾ ಬೇರೆ ಗುರುತಿನ ಮುದ್ರೆ ಇಲ್ಲದ ಕೋವಿಯನ್ನು ಮಾರುವಂತಿಲ್ಲ ಎಂದು ಕಾಯ್ದೆಯ 8ನೇ ಕಲಂ ಹೇಳುತ್ತದೆ. ಹಳೆಯ ಕೇಪಿನ ಕೋವಿಗಳಲ್ಲಿ ನಂಬರ್ ಇಲ್ಲದಿರುವುದು ಸಾಮಾನ್ಯ. ಹಾಗಿದ್ದರೆ ಮೊದಲು ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಟ್ಟು ಅದನ್ನು ಸರಿಪಡಿಸಿಕೊಳ್ಳಿ. ಒಣ ಬಟ್ಟೆಯಿಂದ ಒರೆಸಿ, ತೆಳುವಾಗಿ ಕೋವಿ ಎಣ್ಣೆ ಸವರಿದರೆ ಸಾಕು.

ಕಾಗದ ಪತ್ರ

ಲೈಸೆನ್ಸ್ ತೆಗೆದು ನಾಲ್ಕು ವಿಷಯ ಹೊಂದಿಸಿ ನೋಡಿ: ನಿಮ್ಮ ಯುಐಎನ್ (ಲೈಸೆನ್ಸ್‌ದಾರರಿಗೆ ಕೊಡುವ ಗುರುತಿನ) ಸಂಖ್ಯೆ, ಅವಧಿ, ಕೋವಿಯ ನಂಬರ್, ಬೋರು. ಲೈಸೆನ್ಸಿನಲ್ಲಿ ಬರೆದ ನಂಬರಿಗೂ ಕೋವಿಯ ಮೇಲಿರುವುದಕ್ಕೂ ಒಂದು ಅಂಕಿ ತಾಳೆಯಾಗದೆ ಮಾರಾಟ ತಿಂಗಳುಗಟ್ಟಲೆ ನಿಲ್ಲುವುದುಂಟು. ಹಳೆಯ ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುವಾಗ 3 ಮತ್ತು 8 ಅದಲು ಬದಲಾಗಿರುತ್ತದೆ. ಕೊಳ್ಳುವವರು ಸಿಗುವ ಮೊದಲೇ ಇದನ್ನು ತಿದ್ದಿಸಿ.

ಅವಧಿ ಮುಗಿದಿದ್ದರೆ ಕೋವಿಯನ್ನು ಮನೆಯಲ್ಲಿಟ್ಟುಕೊಂಡು ಗಿರಾಕಿ ಹುಡುಕಬೇಡಿ. ಆಗ ಅದು ಲೈಸೆನ್ಸ್ ಇಲ್ಲದ ಆಯುಧ, 2019ರ ತಿದ್ದುಪಡಿಯ ನಂತರ ಶಿಕ್ಷೆ 2ರಿಂದ 5 ವರ್ಷ. ಮೊದಲು ಠೇವಣಿ, ಆಮೇಲೆ ನವೀಕರಣ ಅಥವಾ ಠೇವಣಿಯಿಂದಲೇ ಮಾರಾಟ. ಈಗ ಲೈಸೆನ್ಸ್ 5 ವರ್ಷಕ್ಕೆ ಬರುವುದರಿಂದ ದಿನಾಂಕ ಮರೆಯುವುದು ಹೆಚ್ಚಾಗಿದೆ.

ಮಾರಾಟ: 45 ದಿನದ ಲೆಕ್ಕ

ಕಾಯ್ದೆಯ 5ನೇ ಕಲಂ ಪ್ರಕಾರ ಸ್ವಂತ ಬಳಕೆಯ ಕೋವಿಯನ್ನು ಅರ್ಹರಿಗೆ ಮಾರಲು ವ್ಯಾಪಾರಿ ಲೈಸೆನ್ಸ್ ಬೇಕಿಲ್ಲ. ಆದರೆ ಎರಡು ಷರತ್ತು. ಮಾರುವ ಉದ್ದೇಶವನ್ನೂ ಕೊಳ್ಳುವವರ ಹೆಸರು, ವಿಳಾಸವನ್ನೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ (ಅಂದರೆ ಜಿಲ್ಲಾಧಿಕಾರಿಗೆ) ಅಥವಾ ಹತ್ತಿರದ ಠಾಣೆಯ ಅಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ತಿಳಿಸಿ 45 ದಿನ ಕಳೆದ ಮೇಲಷ್ಟೇ ಕೋವಿ ಕೊಡಬೇಕು.

ಪತ್ರವನ್ನು ಎರಡು ಪ್ರತಿ ಮಾಡಿ. ನಿಮ್ಮ ಹೆಸರು, ಲೈಸೆನ್ಸ್ ಸಂಖ್ಯೆ, ಕೋವಿಯ ವಿಧ, ತಯಾರಕರು, ನಂಬರ್, ಬೋರು, ಎಷ್ಟು ನಳಿಗೆ, ನಳಿಗೆಯ ಉದ್ದ, ಕೊಳ್ಳುವವರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ಅದನ್ನು ಕೊಟ್ಟ ಕಚೇರಿ ಎಲ್ಲವೂ ಇರಲಿ. ಒಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಆ ಸೀಲಿನ ದಿನಾಂಕದಿಂದಲೇ ನಿಮ್ಮ 45 ದಿನ ಎಣಿಕೆ. ಕೆಲವು ಕಚೇರಿಗಳು ಮಾರಾಟಕ್ಕೆ ಲಿಖಿತ ಅನುಮತಿಯನ್ನೂ ಕೊಡುತ್ತವೆ, ಕೇಳಿ ಪಡೆಯಿರಿ. ಅಂಗಡಿಗೆ ಮಾರಿದರೂ ಈ ಪತ್ರ ಬಿಡಬೇಡಿ. ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಮಿಷನರೇಟ್ ಇರುವ ಊರಿನಲ್ಲಿ ಲೈಸೆನ್ಸಿನ ಕೆಲಸ ಪೊಲೀಸ್ ಕಮಿಷನರ್ ಕಚೇರಿಯಲ್ಲಿ.

ಕೊಳ್ಳುವವರ ಲೈಸೆನ್ಸನ್ನು ನೀವೇ ಕಣ್ಣಾರೆ ನೋಡಿ, ಝೆರಾಕ್ಸ್ ಸಾಲದು. ಅವಧಿ ಇದೆಯೇ, ಖರೀದಿಗೆ ಕೊಟ್ಟ ಗಡುವು ಉಳಿದಿದೆಯೇ, ನಿಮ್ಮ ಕೋವಿಯ ವಿಧಕ್ಕೆ ಅನುಮತಿ ಇದೆಯೇ, ಈಗಾಗಲೇ ಎರಡು ಕೋವಿ ನಮೂದಾಗಿವೆಯೇ, ಬೇರೆ ರಾಜ್ಯದವರಾದರೆ ಲೈಸೆನ್ಸ್ ಇಲ್ಲಿಗೂ ಅನ್ವಯಿಸುತ್ತದೆಯೇ. .303, 9 ಎಂಎಂನಂಥ ನಿಷೇಧಿತ ಬೋರಿನ ಆಯುಧವನ್ನು ಸಾಮಾನ್ಯ ಲೈಸೆನ್ಸ್‌ದಾರರಿಗೆ ಕೊಡುವಂತೆಯೇ ಇಲ್ಲ. ಕೊಳ್ಳುವವರು ಹೊಸ ಲೈಸೆನ್ಸಿಗೆ ಅರ್ಜಿ ಹಾಕಿ ಕಾಯುತ್ತಿದ್ದೇನೆ ಅಂದರೆ ಅವರ ಮನೆ ಎಲ್ಲಿ ಅಂತ ಕೇಳಿ. ವನ್ಯಜೀವಿಧಾಮದಿಂದ 10 ಕಿಲೋಮೀಟರ್ ಒಳಗೆ ವಾಸವಿರುವವರಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಾನುಮತಿ ಇಲ್ಲದೆ ಹೊಸ ಲೈಸೆನ್ಸ್ ಕೊಡುವುದಿಲ್ಲ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ, ಸೋಮೇಶ್ವರ, ಮೂಕಾಂಬಿಕಾ ಧಾಮಗಳ ಸುತ್ತ ಎಷ್ಟು ಊರುಗಳಿವೆ ನೋಡಿ. ಅಂಥವರಿಗಾಗಿ ಕೋವಿಯನ್ನು ವರ್ಷಗಟ್ಟಲೆ ಕಾಯ್ದಿಡುವುದು ಬೇಡ.

ಮುಂಗಡ ತೆಗೆದುಕೊಂಡರೂ ಕೋವಿ ಮಾತ್ರ 45 ದಿನ ಮುಗಿಯುವವರೆಗೆ ನಿಮ್ಮಲ್ಲೇ ಇರಲಿ. ನೂರು ರೂಪಾಯಿ ಛಾಪಾ ಕಾಗದದ ಕರಾರು ಮಾಡಿಕೊಂಡು ಕೋವಿ ಕೊಟ್ಟುಬಿಡುವುದು ಹಳ್ಳಿಗಳಲ್ಲಿ ಈಗಲೂ ನಡೆಯುವ ದೊಡ್ಡ ತಪ್ಪು. ಕಚೇರಿಯ ಪುಸ್ತಕದಲ್ಲಿ ಕೋವಿ ನಿಮ್ಮ ಹೆಸರಿನಲ್ಲೇ ಇರುತ್ತದೆ. ಅದರಿಂದ ಯಾರಿಗೋ ಏಟು ಬಿದ್ದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ಹಣ ಬ್ಯಾಂಕ್ ಮೂಲಕವೇ ಬರಲಿ. ಕೋವಿಯ ಫೋಟೊವನ್ನು ವಾಟ್ಸಾಪ್ ಗುಂಪುಗಳಲ್ಲಿ ಹಾಕಿ ಗಿರಾಕಿ ಹುಡುಕುವುದೂ ಬೇಡ, ನಿಮ್ಮ ಮನೆಯಲ್ಲಿ ಆಯುಧ ಇದೆಯೆಂದು ಊರಿಗೆಲ್ಲ ಸಾರಿದಂತಾಗುತ್ತದೆ.

ಠೇವಣಿಯಲ್ಲಿರುವ ಕೋವಿ

ಯಜಮಾನರು ತೀರಿಕೊಂಡು ಕೋವಿ ಈಗಾಗಲೇ ಠೇವಣಿಯಲ್ಲಿದ್ದರೂ ವಾರಸುದಾರರ ಹಕ್ಕು ಹೋಗುವುದಿಲ್ಲ. ಲೈಸೆನ್ಸ್ ಪಡೆದು ಬಿಡಿಸಿಕೊಳ್ಳಬಹುದು, ಇಲ್ಲವೇ ಅರ್ಹರಿಗೆ ಮಾರಿಸಿ ಹಣ ಪಡೆಯಬಹುದು. ನಿಯಮದಲ್ಲಿ ಹೇಳಿದ ಅವಧಿ ದಾಟಿದರೆ ಮಾತ್ರ ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶದಿಂದ ಅದು ಸರ್ಕಾರದ ಪಾಲಾಗುತ್ತದೆ. ಮರಣ ಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ, ಠೇವಣಿ ರಸೀದಿ ಇಷ್ಟನ್ನು ಒಂದೇ ಕಡತದಲ್ಲಿಟ್ಟು ಅರ್ಜಿ ಕೊಡಿ.

ಠೇವಣಿ ಇಡುವ ದಿನವೇ ನಳಿಗೆಯೊಳಗೆ, ಹೊರಗೆ ಎಣ್ಣೆ ಹಾಕಿ, ನಂಬರ್ ಕಾಣುವಂತೆ ಫೋಟೊ ತೆಗೆದು, ರಸೀದಿಯಲ್ಲಿ ಕೋವಿಯ ಸ್ಥಿತಿ ಬರೆಸಿ. ತಿಂಗಳ ಬಾಡಿಗೆ ಕೇಳಿದರೂ ಮಳೆಗಾಲಕ್ಕೆ ಅಂಗಡಿಯ ಠೇವಣಿಯೇ ಮೇಲು, ಅಲ್ಲಿ ಒರೆಸಿ ಎಣ್ಣೆ ಹಾಕುವವರಿರುತ್ತಾರೆ. ವಿದೇಶಕ್ಕೆ ಹೊರಟವರು ತಮ್ಮನ ಬಳಿ, ತೋಟ ನೋಡಿಕೊಳ್ಳುವ ರೈಟರ ಬಳಿ ಕೋವಿ ಬಿಟ್ಟು ಹೋಗುವಂತಿಲ್ಲ. ಮುಖ್ತ್ಯಾರ್‌ನಾಮೆ ಬರೆದುಕೊಟ್ಟರೆ ತೋಟ ನೋಡಿಕೊಳ್ಳಬಹುದು, ಕೋವಿ ಇಟ್ಟುಕೊಳ್ಳಲಾಗದು.

ಕೊಡಗಿನ ವಿನಾಯಿತಿ ಕೋವಿ

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ವಿನಾಯಿತಿ ಇರುವುದು ವ್ಯಕ್ತಿಗೆ, ಅದು ಕೋವಿಯ ಜೊತೆ ಕೊಳ್ಳುವವರ ಮನೆಗೆ ಹೋಗುವುದಿಲ್ಲ. ವಿನಾಯಿತಿ ಪತ್ರದಲ್ಲಿರುವ ಕೋವಿಯನ್ನು ವಿನಾಯಿತಿ ಇಲ್ಲದವರು ಕೊಳ್ಳಬೇಕಾದರೆ ಅವರಿಗೆ ಲೈಸೆನ್ಸ್ ಬೇಕೇ ಬೇಕು. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ ಪತ್ರದಿಂದ ಆ ಕೋವಿಯನ್ನು ತೆಗೆಸುವುದೂ ಮಾರುವವರ ಹೊಣೆ.

ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಕೋವಿಯಾದರೆ ಇನ್ನೊಂದು ಮಾತು. ಪತ್ರ ಒಬ್ಬರ ಹೆಸರಿನಲ್ಲಿದ್ದರೂ ಒಕ್ಕದವರ (ಆ ಮನೆತನದವರ) ಪಾಲಿಗೆ ಅದು ಎಲ್ಲರದ್ದು. ಕೈಲ್ ಮುಹೂರ್ತದಂದು (ಕೊಡವರ ಆಯುಧ ಪೂಜೆಯ ಹಬ್ಬದಂದು) ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆಗೆ ಇಡುವುದು, ಗಂಡು ಮಗು ಹುಟ್ಟಿದಾಗ ಒಂದು, ಸಾವಿಗೆ ಎರಡು ಈಡು ಹೊಡೆಯುವುದು ಅದರಿಂದಲೇ ಇರಬಹುದು. ಪಟ್ಟೆದಾರರಿಗೆ (ಒಕ್ಕದ ಹಿರಿಯರಿಗೆ) ಹೇಳಿ, ಒಕ್ಕದಲ್ಲೇ ಬೇಕೆನ್ನುವವರು ಇದ್ದಾರೆಯೇ ಕೇಳಿ. ವಿನಾಯಿತಿ ಪತ್ರ ಇರುವ ಕಿರಿಯರೊಬ್ಬರ ಹೆಸರಿಗೆ ಹೋದರೆ ಕೋವಿ ಅದೇ ಗೋಡೆಯ ಮೇಲೆ ಉಳಿಯುತ್ತದೆ. ಕೇಳದೆ ಹೊರಗೆ ಮಾರಿ ಆಮೇಲೆ ಮರಳಿ ಕೊಳ್ಳಲು ಓಡಾಡಿದ ಕುಟುಂಬಗಳಿವೆ.

ಕೊಟ್ಟ ಮೇಲೆ

ಕೋವಿ ಕೊಟ್ಟ ದಿನವೇ ನಿಮ್ಮ ಮತ್ತು ಕೊಳ್ಳುವವರ ಎರಡೂ ಲೈಸೆನ್ಸಿನಲ್ಲಿ ಏನು ಬರೆಸಬೇಕೆಂದು ಕಚೇರಿಯಲ್ಲಿ ಕೇಳಿ. ನಿಮ್ಮ ಲೈಸೆನ್ಸಿನಿಂದ ಆ ಕೋವಿಯ ನಮೂದು ಹೊಡೆದು ಹಾಕಿಸಿ, ಕಂಪ್ಯೂಟರ್ ದಾಖಲೆಯಲ್ಲೂ ಅದು ಹೋಗಿದೆಯೇ ಖಾತ್ರಿ ಮಾಡಿಕೊಳ್ಳಿ. ಮುಂದಿನ ಚುನಾವಣೆಯಲ್ಲಿ ಮಾರಿದ ಕೋವಿಯನ್ನು ಠೇವಣಿ ಇಡಿ ಎಂದು ಠಾಣೆಯಿಂದ ಫೋನು ಬಂದರೆ ಇದನ್ನು ಮಾಡಿಸಿಲ್ಲ ಎಂದೇ ಅರ್ಥ. ಇದ್ದ ಒಂದೇ ಕೋವಿಯನ್ನು ಮಾರಿದ್ದು, ಮತ್ತೆ ಕೊಳ್ಳುವ ಯೋಚನೆ ಇಲ್ಲದಿದ್ದರೆ ಲೈಸೆನ್ಸನ್ನೂ ಅರ್ಜಿ ಬರೆದು ಒಪ್ಪಿಸಿಬಿಡಿ.

ಕೊನೆಗೆ ಬೀರು, ಅಟ್ಟ, ಕಾಫಿ ಕಣದ ಉಗ್ರಾಣ ಎಲ್ಲ ಕಡೆ ಹುಡುಕಿ. ಉಬ್ಬಿದ ಕಾಗದದ ತೋಟಾ, ತಗಡಿನ ಡಬ್ಬಿಯಲ್ಲಿ ಕೇಪು, ಸೀಸೆಯಲ್ಲಿ ಮದ್ದು ಉಳಿದಿರುತ್ತದೆ. ಕೋವಿ ಹೋದ ಮೇಲೆ ಇವನ್ನು ಇಟ್ಟುಕೊಳ್ಳುವುದೂ ಅಪರಾಧ. ಒಲೆಗೆ ಹಾಕುವುದು, ಬಾವಿಗೆ ಎಸೆಯುವುದು, ಮಕ್ಕಳ ಕೈಗೆ ಸಿಗುವಂತೆ ಕಸದಲ್ಲಿ ಬಿಡುವುದು ಯಾವುದೂ ಕೂಡದು. ಎಣಿಸಿ, ಪಟ್ಟಿ ಮಾಡಿ, ಒಣ ಜಾಗದಲ್ಲಿಟ್ಟು, ಕೋವಿ ಅಂಗಡಿಗೋ ಠಾಣೆಗೋ ತಿಳಿಸಿ ಅವರು ಹೇಳಿದಂತೆ ಒಪ್ಪಿಸಿ ಅದಕ್ಕೂ ರಸೀದಿ ಪಡೆಯಿರಿ. ಆ ರಸೀದಿ, 45 ದಿನದ ಪತ್ರದ ಸೀಲು ಬಿದ್ದ ಪ್ರತಿ, ಕೊಳ್ಳುವವರ ಲೈಸೆನ್ಸಿನ ನಕಲು, ಬ್ಯಾಂಕಿನ ದಾಖಲೆ ಎಲ್ಲವನ್ನೂ ಮನೆಯ ಆಸ್ತಿ ಪತ್ರಗಳ ಜೊತೆಯಲ್ಲೇ ಇಡಿ, ಎಲ್ಲಿಟ್ಟಿದ್ದೀರಿ ಎಂದು ಮಕ್ಕಳಿಗೂ ಹೇಳಿ.